ಹೆಸರು ಪೂರ್ತಿ ಹೊಂದಿದರೂ ಮನುಷ್ಯ ಬೇರೆ: ಉತಾರದ ದಾಖಲೆಗಳೊಂದಿಗೆ ನನ್ನ ಅನುಭವ

ವಿಜಯಪುರದ ಒಂದು ಸರಕಾರಿ ಕಚೇರಿಯಲ್ಲಿ ನಾನು ಹಿರಿಯ ಮಾಹಿತಿ ತಂತ್ರಜ್ಞ. ಸರ್ವರ್ ಕಾಯುವುದು, ನೆಟ್‌ವರ್ಕ್ ಹೋದಾಗ ಓಡಾಡುವುದು ನನ್ನ ಕೆಲಸವೆಂದು ಬಹಳ ಜನ ತಿಳಿದಿದ್ದಾರೆ. ಅದೂ ಇದೆ. ಆದರೆ ನನ್ನ ಹೆಚ್ಚಿನ ಹೊತ್ತು ಹೋಗುವುದು ಹೆಸರುಗಳ ಮೇಲೆ. ಉತಾರದಲ್ಲಿ, ಅಂದರೆ ಜಮೀನಿನ ಪಹಣಿಯಲ್ಲಿ, ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು, ಪಾಸ್‌ಬುಕ್ಕಿನಲ್ಲಿ ಮತ್ತೊಂದು. 2023ರ ಬರದಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಪರಿಹಾರದ ಹಣ ಫ್ರೂಟ್ಸ್ ಎಂಬ ಸರಕಾರಿ ರೈತ ನೋಂದಣಿಯ ದತ್ತಾಂಶವನ್ನು ನೋಡಿಕೊಂಡು ನೇರವಾಗಿ ರೈತರ ಖಾತೆಗೆ ಹೋಗುವ ವ್ಯವಸ್ಥೆ ಅದು. ಹೆಸರು ಕೂಡಿ ಬರದವರು ಕಚೇರಿಯ ಮುಂದೆ ಸಾಲುಗಟ್ಟಿದರು. ಮರುವರ್ಷ ಉತಾರಕ್ಕೆ ಆಧಾರ್ ಜೋಡಿಸುವ ಕೆಲಸ ರಾಜ್ಯದಾದ್ಯಂತ ಶುರುವಾದಾಗ ಈ ಗೋಜಲನ್ನು ಬುಡದಿಂದ ನೋಡಬೇಕೆಂದು ಪಟ್ಟು ಹಿಡಿದು ಕುಳಿತೆ.

ಮೊದಲು ಸುಲಭದ್ದನ್ನು ಹೇಳಿಬಿಡುತ್ತೇನೆ. ಕಚೇರಿಯ ಹಳೆಯ ಪಟ್ಟಿಗಳು ನುಡಿ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿದ್ದವು, ಹೊಸವು ಯೂನಿಕೋಡ್‌ನಲ್ಲಿ. ಹಳೆಯದರಲ್ಲಿ ಕಣ್ಣಿಗೆ ಕಾಣುವ ಕ್ರಮದಲ್ಲೇ ಅಕ್ಷರಗಳು ಉಳಿದಿರುತ್ತವೆ. ಕುಲಕರ್ಣಿ ಎಂಬ ಹೆಸರಿನಲ್ಲಿ ಅರ್ಕಾವೊತ್ತು ಕೊನೆಗೆ, ‘ಣಿ’ಯ ನಂತರ ಕೂತಿರುತ್ತದೆ. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮ, ಅಂದರೆ ‘ರ’ ಮೊದಲು ಬರಬೇಕು. ಇದನ್ನು ಸರಿಯಾಗಿ ಹಿಂದಕ್ಕೆ ಸರಿಸದ ಪರಿವರ್ತಕ ಬಳಸಿದರೆ ಊರಿನ ಕುಲಕರ್ಣಿಯರೆಲ್ಲ ಪಟ್ಟಿಯಿಂದ ಬಿದ್ದುಹೋಗುತ್ತಾರೆ. ಯೂನಿಕೋಡ್‌ನೊಳಗೂ ತೊಡಕಿದೆ. ಸೋಮಪ್ಪನ ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡುಗಳಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ, ಯಂತ್ರಕ್ಕೆ ಇಬ್ಬರು ಬೇರೆ ಸೋಮಪ್ಪಂದಿರು. ಕಣ್ಣಿಗೆ ಕಾಣದ ಜೋಡಕ ಸಂಕೇತಗಳೂ ನಕಲು ಮಾಡಿ ಅಂಟಿಸುವಾಗ ಹೆಸರಿನ ನಡುವೆ ನುಸುಳುತ್ತವೆ. ಆದ್ದರಿಂದ ಹೋಲಿಕೆಗೆ ಮುಂಚೆ ಎಲ್ಲವನ್ನೂ ಒಂದೇ ರೂಪಕ್ಕೆ ತರುವ ಪುಟ್ಟ ಪ್ರೋಗ್ರಾಮ್ ಬರೆದೆ. ಮೂಲ ದಾಖಲೆಯ ಮೇಲಲ್ಲ, ಅಧಿಕಾರಿಗಳ ಲಿಖಿತ ಅನುಮತಿಯಿಂದ ಪಡೆದ ಪ್ರತಿಯ ಮೇಲೆ.

ನಂತರ ನಮ್ಮ ಸೀಮೆಯ ಹೆಸರುಗಳ ರೂಢಿಯನ್ನು ಯಂತ್ರಕ್ಕೆ ಕಲಿಸಬೇಕಾಯಿತು. ನೀಲವ್ವ, ನೀಲಮ್ಮ, ನೀಲಾಬಾಯಿ ಎಂದು ಒಬ್ಬಳೇ ಹೆಣ್ಣುಮಗಳನ್ನು ಮೂರು ಕಡೆ ಮೂರು ರೀತಿ ಬರೆದಿರುತ್ತಾರೆ. ಸಿದ್ದಪ್ಪನಿಗೆ ಮಹಾಪ್ರಾಣ ಒಮ್ಮೆ ಇರುತ್ತದೆ, ಒಮ್ಮೆ ಇಲ್ಲ. ಒಂದೇ ಮನೆತನದವರು ಒಂದು ಕಾಗದದಲ್ಲಿ ಗೌಡ, ಇನ್ನೊಂದರಲ್ಲಿ ಪಾಟೀಲ. ಇಂಗ್ಲಿಷ್ ಹೆಸರುಗಳಿಗಾಗಿ ಸಿದ್ಧಪಡಿಸಿದ ಹೋಲಿಕೆಯ ಸೂತ್ರಗಳು ಇಲ್ಲಿ ಹೆಚ್ಚು ದೂರ ಬರುವುದಿಲ್ಲ. ಇಂಡಿ, ಸಿಂದಗಿ ಕಡೆಯ ಗ್ರಾಮ ಆಡಳಿತ ಅಧಿಕಾರಿಗಳನ್ನು ಕೇಳಿ ಕೇಳಿ ಈ ಪಟ್ಟಿ ಬೆಳೆಸಿದೆ.

ಇಷ್ಟಾದ ಮೇಲೆ ಹೊಂದಾಣಿಕೆ ಬಹಳ ಚೆನ್ನಾಗಿ ಕಾಣತೊಡಗಿತು. ಅಪಾಯ ಇದ್ದದ್ದು ಅಲ್ಲಿಯೇ.

ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಡುತ್ತಾರೆ. ಅಜ್ಜ ಮಲ್ಲಪ್ಪ ತಂದೆ ಶಿವಪ್ಪ. ಅವನ ಮಗ ಶಿವಪ್ಪ ತಂದೆ ಮಲ್ಲಪ್ಪ. ಮೊಮ್ಮಗ ಮತ್ತೆ ಮಲ್ಲಪ್ಪ ತಂದೆ ಶಿವಪ್ಪ. ಅಡ್ಡಹೆಸರು ಬಿರಾದಾರ ಎಂದಿಟ್ಟುಕೊಳ್ಳಿ, ಅದೂ ಒಂದೇ, ಊರೂ ಒಂದೇ. ಅಜ್ಜ ತೀರಿಕೊಂಡು ಎಷ್ಟೋ ವರ್ಷಗಳಾಗಿವೆ, ವಾರಸಾ ಮಾಡಿಸಿಲ್ಲ, ಅಂದರೆ ಜಮೀನು ವಾರಸುದಾರರ ಹೆಸರಿಗೆ ಬಂದಿಲ್ಲ. ಉತಾರದಲ್ಲಿ ಮಾಲೀಕರ ಹೆಸರಿರುವ ಒಂಬತ್ತನೇ ಕಾಲಂನಲ್ಲಿ ಇನ್ನೂ ಅವನೇ ಇದ್ದಾನೆ. ಮೊಮ್ಮಗನ ಆಧಾರ್ ಅದಕ್ಕೆ ಅಕ್ಷರ ಅಕ್ಷರವಾಗಿ ಹೊಂದುತ್ತದೆ. ತಂತ್ರಾಂಶ ಕಣ್ಣು ಮುಚ್ಚಿ ಒಪ್ಪಿದರೆ ಅವನ ಅಣ್ಣತಮ್ಮಂದಿರು, ಅತ್ತೆಯಂದಿರು ಎಲ್ಲರ ಪಾಲಿನ ಪರಿಹಾರವೂ ಒಬ್ಬನ ಖಾತೆಗೆ ಹೋಗುತ್ತದೆ. ಅವನು ಮೋಸಗಾರನಲ್ಲ, ಹೆಸರು ಅವನದೇ. ಇದಕ್ಕೆ ಹೋಲಿಸಿದರೆ ನೀಲವ್ವ–ನೀಲಾಬಾಯಿಯ ವ್ಯತ್ಯಾಸ ಏನೂ ಅಲ್ಲ.

ಇದಕ್ಕೆ ನಾನು ಹುಡುಕಿಕೊಂಡ ದಾರಿ ಸರಳವಾದದ್ದು. ಉತಾರದಲ್ಲಿ ಹೆಸರಿನ ಜೊತೆ ಅದು ಯಾವ ಎಂ.ಆರ್. (ಹಕ್ಕು ಬದಲಾವಣೆಯ ನಮೂದು) ಮೂಲಕ ಬಂತು ಎಂಬ ಉಲ್ಲೇಖ ಇರುತ್ತದೆ, ಅದರಿಂದ ವರ್ಷ ತಿಳಿಯುತ್ತದೆ. ರೈತರು ಒಪ್ಪಿಗೆ ನೀಡಿ ಕೊಟ್ಟ ವಿವರದಲ್ಲಿ ಹುಟ್ಟಿದ ವರ್ಷ ಇರುತ್ತದೆ. ಹಕ್ಕು ದಾಖಲಾದದ್ದು 1968ರಲ್ಲಿ, ಮನುಷ್ಯ ಹುಟ್ಟಿದ್ದು 1981ರಲ್ಲಿ ಎಂದರೆ ಅವನು ಆ ಮಲ್ಲಪ್ಪನಲ್ಲ. ಈ ಒಂದು ತಾಳೆ ನೋಡುವಿಕೆ ಬೇರೆಲ್ಲ ಸೂತ್ರಗಳಿಗಿಂತ ಹೆಚ್ಚು ಉಪಯೋಗಕ್ಕೆ ಬಂತು. ಯಾವ ಜಿಲ್ಲೆಯಲ್ಲಿ ಈ ಕೆಲಸ ಮಾಡುವವರಿದ್ದರೂ ಇದನ್ನು ಮೊದಲು ಹಾಕಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ. ಆಧಾರ್ ಸಂಖ್ಯೆ ಇದಕ್ಕೆ ಬೇಕಾಗುವುದೇ ಇಲ್ಲ. ನನ್ನ ಪಟ್ಟಿಯಲ್ಲಿ ಅದರ ಒಂದು ಅಂಕಿಯನ್ನೂ ಇಟ್ಟುಕೊಂಡಿಲ್ಲ.

ಸಭೆಯೊಂದರಲ್ಲಿ ಮೇಲಧಿಕಾರಿಯೊಬ್ಬರು ಪ್ರತಿ ಹೆಸರಿಗೂ ಹೊಂದಾಣಿಕೆಯ ಶೇಕಡಾ ಕೊಡಿ, ಇಂತಿಷ್ಟರ ಮೇಲಿರುವವರನ್ನು ತಾನಾಗಿಯೇ ಒಪ್ಪುವಂತೆ ಮಾಡಿ ಎಂದರು. ಕೆಲಸ ಬೇಗ ಮುಗಿಯಬೇಕೆಂಬ ಅವರ ಒತ್ತಡ ನನಗೆ ಅರ್ಥವಾಗುತ್ತದೆ. ಆದರೂ ಒಪ್ಪಲಿಲ್ಲ. ಶೇಕಡಾ ನೂರು ಬಂದ ಅಜ್ಜ–ಮೊಮ್ಮಗನ ಪ್ರಕರಣವನ್ನೇ ಎದುರಿಗಿಟ್ಟು, “ಸರ್, ಇದಕ್ಕೆ ಸಹಿ ಯಾರದು?” ಎಂದು ಕೇಳಿದೆ. ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 133ನೇ ಕಲಂ ಪ್ರಕಾರ, ಸುಳ್ಳೆಂದು ಸಾಬೀತಾಗುವವರೆಗೆ ಅಥವಾ ಕಾನೂನುಬದ್ಧವಾಗಿ ಬದಲಾಗುವವರೆಗೆ ಹಕ್ಕುದಾಖಲೆಯ ನಮೂದು ನಿಜವೆಂದೇ ಭಾವಿಸಬೇಕು. ಅದನ್ನು ಬದಲಿಸಲು 128, 129ನೇ ಕಲಂಗಳ ದಾರಿ ಇದೆ, ಆಕ್ಷೇಪಣೆ ಕೇಳುವ ಕ್ರಮ ಇದೆ. ಅಷ್ಟು ತೂಕದ ನಮೂದನ್ನು ಪ್ರೋಗ್ರಾಮಿನ ಒಂದು ಸಾಲಿಗೆ ಬಿಟ್ಟುಕೊಡಲಾಗದು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಸರಿ, ನಿಮ್ಮ ರೀತಿಯಲ್ಲೇ ಮಾಡಿ ಎಂದರು.

ಹಾಗಾಗಿ ಶೇಕಡಾ ಬದಲು ಪ್ರತಿ ಹೆಸರಿನ ಮುಂದೆ ಅನುಮಾನದ ಕಾರಣವನ್ನು ಸರಳ ಕನ್ನಡದಲ್ಲಿ ಮುದ್ರಿಸಿದೆವು. “ಹಕ್ಕು ದಾಖಲಾದ ನಂತರ ಹುಟ್ಟಿದವರು.” “ಇದೇ ಊರಿನಲ್ಲಿ ಇದೇ ಹೆಸರಿನ ಇನ್ನೊಬ್ಬರಿದ್ದಾರೆ.” “ಅವ್ವ ಇದ್ದದ್ದು ಬಾಯಿ ಆಗಿದೆ.” ಗ್ರಾಮ ಆಡಳಿತ ಅಧಿಕಾರಿಗಳು ಆ ಹಾಳೆ ಹಿಡಿದು ಚಾವಡಿಯಲ್ಲಿ ಕುಳಿತರೆ ಊರಿನ ಹಿರಿಯರು ನಿಮಿಷದಲ್ಲಿ ಬಿಡಿಸಿ ಹೇಳುತ್ತಾರೆ. ತೀರ್ಮಾನ ಯಾರದು, ಯಾವಾಗ, ಯಾವ ಕಾಗದ ನೋಡಿ ಎಂಬುದು ದಾಖಲಾಗುತ್ತದೆ. ಹಿಂದಿನ ರೂಪ ಅಳಿಯುವುದಿಲ್ಲ.

ಸಂಜೆ ಹೊತ್ತು ಫೋನ್ ಬರುವುದುಂಟು, ಒಂದೇ ಹೆಸರು, ಹಿಂದಿನಿಂದಲೇ ತಿದ್ದಿಬಿಡಿ ಎಂದು. ಲಿಖಿತ ಆದೇಶ ಇಲ್ಲದೆ, ಇನ್ನೊಬ್ಬ ಸಿಬ್ಬಂದಿಯ ಪರಿಶೀಲನೆ ಇಲ್ಲದೆ ಅಂಥದ್ದನ್ನು ಮುಟ್ಟುವುದಿಲ್ಲ. ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ನಾನು ಮೊದಲು ಕಲಿಸುವುದು ಈ ನಿರಾಕರಣೆಯನ್ನು. ಎರಡನೆಯದು, ಊರನ್ನು ಹೆಸರಿನಿಂದ ಹುಡುಕಬೇಡಿ, ಸಂಕೇತ ಸಂಖ್ಯೆಯಿಂದ ಹುಡುಕಿ ಎಂಬುದು. ನಮ್ಮ ಬಿಜಾಪುರ 2014ರ ನವೆಂಬರ್ 1ರಂದು ವಿಜಯಪುರವಾಯಿತು. ದೇವನಹಳ್ಳಿ ತಾಲ್ಲೂಕಿನಲ್ಲಿ ಇನ್ನೊಂದು ವಿಜಯಪುರ ಮೊದಲಿನಿಂದಲೂ ಇದೆ.

ನನ್ನ ಯಾವ ಸೂತ್ರಕ್ಕೂ ಸಿಗದವರೆಂದರೆ ಮದುವೆಯಾಗಿ ಹೋದ ಹೆಣ್ಣುಮಕ್ಕಳು. ನಮ್ಮ ಕಡೆ ಕೆಲವು ಮನೆತನಗಳಲ್ಲಿ ಮದುವೆಯಲ್ಲಿ ವಧುವಿನ ಹೆಸರನ್ನೇ ಬದಲಿಸುತ್ತಾರೆ. ತವರಿನ ಉತಾರದಲ್ಲಿ ಗೌರವ್ವ ತಂದೆ ಸಿದ್ದಪ್ಪ, ಆಧಾರ್‌ನಲ್ಲಿ ಸುಜಾತಾ ಗಂಡ ಮಹಾದೇವ. ಒಂದು ಅಕ್ಷರವೂ ಕೂಡುವುದಿಲ್ಲ. ಯಂತ್ರ ಅವರನ್ನು “ಹೊಂದಿಲ್ಲ” ಎಂಬ ರಾಶಿಗೆ ತಳ್ಳಿದರೆ ತವರಿನ ಜಮೀನಿನಲ್ಲಿ ಅವರಿಗೆ ಸಿಕ್ಕ ಪಾಲು ಕಾಗದದ ಮೇಲಷ್ಟೇ ಉಳಿಯುತ್ತದೆ. ಆ ರಾಶಿಯಿಂದ ಇವರನ್ನು ತೆಗೆದು ಬೇರೆ ಪಟ್ಟಿ ಮಾಡಿದ್ದೇನೆ: ಜಂಟಿ ಖಾತೆ, ಅಣ್ಣತಮ್ಮಂದಿರೆಲ್ಲ ಹೊಂದಿದ್ದಾರೆ, ಹೆಣ್ಣಿನ ಹೆಸರು ಮಾತ್ರ ಹೊಂದಿಲ್ಲ ಎಂಬ ಪ್ರಕರಣಗಳು. ಅವರಿಗೆ ವಂಶಾವಳಿ, ತವರಿನ ಶಾಲೆಯ ದಾಖಲೆ, ಮದುವೆಯ ಪತ್ರಿಕೆ ತರುವಂತೆ ತಿಳಿಸುತ್ತೇವೆ. ಗಂಡನ ಊರು ಬೇರೆ ತಾಲ್ಲೂಕಿನಲ್ಲಿದ್ದರೆ ಹಾಳೆಯನ್ನು ಅಲ್ಲಿನ ಗ್ರಾಮ ಆಡಳಿತ ಅಧಿಕಾರಿಗೂ ಕಳುಹಿಸುತ್ತೇವೆ. ಈಗ ನಾನು ಹೆಚ್ಚು ಸಮಯ ಕೊಡುತ್ತಿರುವುದು ಈ ಪಟ್ಟಿಗೆ. ಬಸವನ ಬಾಗೇವಾಡಿ, ಮುದ್ದೇಬಿಹಾಳ ಕಡೆಯ ಹಾಳೆಗಳು ಇನ್ನೂ ಬರಬೇಕಿವೆ.