ಕೈ ಕಟ್ಟು, ಬಾಯಿ ಮುಚ್ಚು

ಗದಗ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ನಾನು ನಲಿಕಲಿ ಶಿಕ್ಷಕಿ. ನಲಿಕಲಿ ಎಂದರೆ ಕಾರ್ಡು, ಹಾಡು, ಆಟಗಳ ಮೂಲಕ ಮಕ್ಕಳು ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ. ಒಂದು, ಎರಡು, ಮೂರನೇ ತರಗತಿಯ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ ನೆಲದ ಮೇಲೆ ದುಂಡಗೆ ಕೂರುತ್ತಾರೆ. ನಾನು ಚಿಕ್ಕವಳಿದ್ದಾಗ ನಮ್ಮ ಮಾಸ್ತರು ಒಳಗೆ ಕಾಲಿಟ್ಟ ಕೂಡಲೇ ‘ಕೈ ಕಟ್ಟು, ಬಾಯಿ ಮುಚ್ಚು’ ಅನ್ನುತ್ತಿದ್ದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಆ ಮಾತನ್ನು ದಿನಕ್ಕೆ ಹತ್ತು ಸಲ ಹೇಳಿದ್ದೇನೆ. ಈಗ ಅದನ್ನು ನನಗೇ ಹೇಳಿಕೊಳ್ಳುತ್ತೇನೆ. ಅಲ್ಲಿಂದ ಇಲ್ಲಿಗೆ ಬರಲು ನನಗೆ ಬಹಳ ವರ್ಷ ಹಿಡಿಯಿತು.

ನಲಿಕಲಿ ಹುಟ್ಟಿದ್ದು ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ, 1995ರಲ್ಲಿ. ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ಕಣ್ಣಾರೆ ನೋಡಿ ಬಂದ ಶಿಕ್ಷಕರೇ ಸೇರಿ ಕಟ್ಟಿದ ಪದ್ಧತಿ ಅದು. ನಮ್ಮ ಶಾಲೆಗೆ ಬಂದದ್ದು 2009-10ರಲ್ಲಿ, ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೂ ವಿಸ್ತರಿಸಿದಾಗ. ಕಾರ್ಡುಗಳು ಬಂದವು, ಯಾವ ಕಾರ್ಡಿನ ನಂತರ ಯಾವುದು ಎಂದು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಕಲಿಕಾ ಏಣಿಯ ಪಟ ಬಂತು, ಮಕ್ಕಳ ಕೈಗೆ ಎಟಕುವ ಎತ್ತರದಲ್ಲಿ ಗೋಡೆಯ ಸುತ್ತ ಕಪ್ಪುಹಲಗೆ ಬಳಿಸಿದೆವು, ಮಕ್ಕಳು ಮಾಡಿದ್ದನ್ನು ತೂಗುಹಾಕಲು ಮೇಲೆ ದಾರದ ಚಪ್ಪರ ಕಟ್ಟಿದೆವು. ಕೋಣೆ ಬದಲಾಯಿತು, ನಾನು ಬದಲಾಗಲಿಲ್ಲ. ಮಗುವಿನ ಕೈಗೆ ಕಾರ್ಡು ಕೊಟ್ಟು, ಅದು ಎರಡು ನಿಮಿಷ ಸುಮ್ಮನೆ ನೋಡಿದರೆ ಉತ್ತರವನ್ನು ನಾನೇ ಹೇಳಿ, ‘ಮುಂದಿಂದು ತಗೊ’ ಅನ್ನುತ್ತಿದ್ದೆ.

ನನ್ನನ್ನು ಮೊದಲು ನಿಲ್ಲಿಸಿದ್ದು ಹುಣಸೆಬೀಜ. ಒಂದನೇ ತರಗತಿಯ ಹುಡುಗನ ಮುಂದೆ ಏಳು ಬೀಜಗಳ ಎರಡು ಸಾಲು ಇಟ್ಟೆ. ಎರಡೂ ಸಮ ಎಂದ. ಅವನ ಎದುರಿಗೇ ಒಂದು ಸಾಲನ್ನು ಸ್ವಲ್ಪ ಅಗಲಿಸಿ, ‘ಈಗ ಯಾವುದ್ರಾಗ ಹೆಚ್ಚ ಅದಾವ?’ ಎಂದೆ. ಅಗಲಿಸಿದ ಸಾಲನ್ನು ತೋರಿಸಿದ. ಎಣಿಸು ಎಂದೆ, ಎರಡನ್ನೂ ಎಣಿಸಿ ಏಳು, ಏಳು ಎಂದ. ‘ಹಂಗಾರ ಹೆಚ್ಚ ಯಾವುದು?’ ಮತ್ತೆ ಅದೇ ಅಗಲ ಸಾಲು. ಡಿ.ಎಡ್. ಓದುವಾಗ ಮನೋವಿಜ್ಞಾನಿ ಜೀನ್ ಪಿಯಾಜೆಯ ಈ ಪ್ರಯೋಗವನ್ನು ಐದು ಅಂಕದ ಪ್ರಶ್ನೆಗೆಂದು ಬಾಯಿಪಾಠ ಮಾಡಿದ್ದೆ. ಅದು ನಮ್ಮೂರಿನ ಹುಡುಗನ ಕಣ್ಣಲ್ಲಿ ಹೀಗೆ ಕೂತಿರುತ್ತದೆ ಎಂದು ಎಣಿಸಿರಲಿಲ್ಲ. ತಿದ್ದಲಿಲ್ಲ. ಬೀಜದ ಡಬ್ಬಿಯನ್ನು ಅವನ ಕೈಗೆಟಕುವಲ್ಲಿ ಇಟ್ಟೆ, ಅಷ್ಟೆ. ಆಣೆಕಲ್ಲಿಗೆ, ಚೌಕಾಬಾರಕ್ಕೆ, ಪಾಲು ಹಾಕುವುದಕ್ಕೆ ಆ ಬೀಜಗಳು ಹೋಗಿ ಬಂದು ಮಾಡಿದವು. ಮುಂದಿನ ವರ್ಷ ಅದೇ ಸಾಲನ್ನು ಅಗಲಿಸಿದಾಗ ಅವನಿಗೆ ಕೋಪವೇ ಬಂತು. ‘ಅಕ್ಕೋರ, ನೀವು ಬರೇ ಸರಸೀರಿ. ಹೊಸಾವು ಹಾಕಿಲ್ಲಲ್ಲ!’ ನಾನು ಕಲಿಸಿದ್ದಲ್ಲ ಅದು.

ಅಕ್ಷರದ ವಿಷಯದಲ್ಲಿ ಊರವರ ಜೊತೆ ಬಹಳ ಮಾತಾಡಬೇಕಾಯಿತು. ನಲಿಕಲಿಯಲ್ಲಿ ಅ ಆ ಇ ಈ ಕ್ರಮವಿಲ್ಲ. ಮೊದಲು ಬರುವುದು ರ ಗ ಸ ದ ಅ. ಬಡಿಗೇರ ಮನೆಯ ಅಜ್ಜ ಒಂದು ದಿನ ಶಾಲೆಗೇ ಬಂದರು. ‘ಅಕ್ಕೋರ, ಎರಡ ತಿಂಗಳಾತು, ನಮ್ಮ ಮೊಮ್ಮಗಗ ಇನ್ನಾ ಆ, ಇ ಬರಂಗಿಲ್ಲಲ್ರಿ.’ ಅವರಿಗೆ ಕುರ್ಚಿ ಹಾಕಿ ಕೂರಿಸಿ, ಹುಡುಗನನ್ನು ಅವನ ಪಾಡಿಗೆ ಬಿಟ್ಟೆ. ಅವನು ಅಕ್ಷರದ ಕಾರ್ಡುಗಳನ್ನು ನೆಲದ ಮೇಲೆ ಜೋಡಿಸುತ್ತಿದ್ದ. ರಸ. ಸರ. ಅರಸ. ಅಗಸ. ಆಮೇಲೆ ಗ, ರ, ಗ, ಸ ಇಟ್ಟು ತುಟಿಯಲ್ಲೇ ಎರಡು ಸಲ ಅಂದುಕೊಂಡು, ಒಮ್ಮೆಲೇ ತಲೆ ಎತ್ತಿ, ‘ಅಜ್ಜಾ, ಗರಗಸ!’ ಎಂದು ಕೂಗಿದ. ಆ ಮನೆಯಲ್ಲಿ ದಿನಬೆಳಗಾದರೆ ಕೇಳುವ ಸದ್ದು ಅದು. ಅಜ್ಜ ಮತ್ತೆ ಆ, ಇ ಬಗ್ಗೆ ಕೇಳಲಿಲ್ಲ. ಐದೇ ಅಕ್ಷರದಲ್ಲಿ ಮಗು ಓದುವವನಾಗುತ್ತದೆ. ರ ತಿದ್ದಿದ ಕೈ ದ, ಅ ಕಡೆಗೆ ಹೊರಳುವುದೂ ಸುಲಭ. ವರ್ಣಮಾಲೆ ಕೆಟ್ಟದ್ದೆಂದಲ್ಲ, ಓದಲು ಬಂದ ಮೇಲೆ ಅದನ್ನು ಹಾಡಿನಂತೆ ಕಲಿಯುತ್ತಾರೆ.

ಬರವಣಿಗೆಗೆ ಅವಸರ ಮಾಡುವುದನ್ನು ನಾನು ಪೂರ್ತಿ ಬಿಟ್ಟಿದ್ದೇನೆ. ನಮ್ಮ ಮಣಿಕಟ್ಟಿನಲ್ಲಿ 8 ಪುಟ್ಟ ಎಲುಬುಗಳಿವೆ. ಹುಟ್ಟಿದಾಗ ಅವು ಮೆತ್ತನೆಯ ಮೃದ್ವಸ್ಥಿ. ವರ್ಷಗಳು ಕಳೆದಂತೆ ಒಂದೊಂದಾಗಿ ಗಟ್ಟಿಯಾಗುತ್ತವೆ. ಐದೂವರೆ ವರ್ಷದ ಕೈಗೆ ಪೆನ್ಸಿಲ್ ಕೊಟ್ಟು ನಾಲ್ಕು ಪುಟ ಕಾಪಿ ಬರೆ ಎನ್ನುವ ತಾಯಂದಿರಿಗೆ ನಾನು ಕೈ ಮುಗಿದು ಹೇಳುತ್ತೇನೆ: ಶೇಂಗಾ ಸುಲಿಯಲು ಕೊಡಿ, ಸೊಪ್ಪು ಸೋಸಲು ಕೊಡಿ, ಹಿಟ್ಟು ನಾದಲು ಕೊಡಿ. ನಮ್ಮ ಕಡೆ ಶಾಲೆ ಶುರುವಾದ ಹೊಸದರಲ್ಲೇ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಕೆರೆಯ ಮಣ್ಣು ತಂದು ಎತ್ತು ಮಾಡುವ ಆ ವಾರದಲ್ಲಿ ಬೆರಳುಗಳಿಗೆ ಸಿಗುವ ಅಭ್ಯಾಸ ಯಾವ ಕಾಪಿ ಪುಸ್ತಕದಲ್ಲೂ ಸಿಗದು.

ಒಬ್ಬ ಹುಡುಗಿಯನ್ನು ನಾನು ಮೊದಲ ಸಲ ಸರಿಯಾಗಿ ನೋಡಿದ್ದೂ ಮಣ್ಣೆತ್ತಿನ ಹೊತ್ತಿಗೇ. ತಾಂಡಾದಿಂದ ಬಂದವಳು, ಮನೆಮಾತು ಲಂಬಾಣಿ. ಕೊಂಬು, ಇಣಿ, ಕಣ್ಣಿಗೆ ಗುಲಗಂಜಿ ಎಲ್ಲ ಇಟ್ಟು ಅವಳು ಮಾಡಿದ ಜೋಡಿ ಎತ್ತು ಇಡೀ ಕೋಣೆಯಲ್ಲೇ ಚೆಂದ. ಬಾಯಿ ಮಾತ್ರ ತೆರೆಯಲಿಲ್ಲ. ಜೂನ್ ಕಳೆಯಿತು, ನಾಗರಪಂಚಮಿ ಕಳೆಯಿತು, ದಸರೆಯ ರಜೆಯೂ ಮುಗಿಯಿತು, ಒಂದು ಮಾತಿಲ್ಲ. ‘ಮಂದ ಅದಾಳ, ಬಿಡ್ರಿ’ ಎಂದವರಿದ್ದರು. ನಾನೂ ಒಂದಷ್ಟು ದಿನ ಅವಳ ಕೈ ಹಿಡಿದು ಬರೆಸಿದೆ. ಕೈ ಕಟ್ಟಿಗೆಯಂತೆ ಬಿಗಿಯಾಗುತ್ತಿತ್ತು. ಅದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಆಮೇಲೆ ಒಂದು ನೋಟ್‌ಬುಕ್ ಇಟ್ಟೆ. ದಿನಕ್ಕೆ ಮೂರು ಸಾಲು: ಏನನ್ನು ನೋಡಿದಳು, ಏನನ್ನು ಮುಟ್ಟಿದಳು, ಯಾರ ಪಕ್ಕ ಕೂತಳು. ಬರೆಯುತ್ತಾ ಹೋದಂತೆ ಕಾಣತೊಡಗಿತು. ಬಾಗಿಲಲ್ಲಿ ಚೆಲ್ಲಾಡಿದ ಚಪ್ಪಲಿಗಳನ್ನು ದಿನಾ ಜೋಡಿ ಮಾಡಿಡುತ್ತಿದ್ದವಳು ಅವಳೇ. ಹಾಡು ಹೇಳುವಾಗ ತುಟಿ ಅಲುಗುತ್ತಿತ್ತು. ಬೇರೆಯವರು ಕಾರ್ಡು ಹುಡುಕುತ್ತಿದ್ದರೆ ಇವಳ ಕಣ್ಣು ಮೊದಲೇ ಸರಿಯಾದ ಕಾರ್ಡಿನ ಮೇಲಿರುತ್ತಿತ್ತು. ಹೊಸ ಭಾಷೆಯೊಳಗೆ ಬಿದ್ದ ಮಕ್ಕಳು ತಿಂಗಳುಗಟ್ಟಲೆ ಬರೀ ಕೇಳಿಸಿಕೊಳ್ಳುವುದು ಸಹಜ, ಅದು ಕಲಿಕೆಯೇ ಎಂದು ನನಗೆ ಮನದಟ್ಟಾದದ್ದು ಆ ನೋಟ್‌ಬುಕ್ಕಿನಿಂದ. ನಾನೂ ಅವಳ ಮಾತನ್ನು ಸ್ವಲ್ಪ ಕಲಿತೆ: ಯಾಡಿ ಎಂದರೆ ಅವ್ವ, ಬಾಟಿ ಎಂದರೆ ರೊಟ್ಟಿ, ಪಾಣಿ ಎಂದರೆ ನೀರು. ನಾನು ತಪ್ಪಾಗಿ ಅಂದಾಗ ಅವಳ ಮುಖದಲ್ಲಿ ನಗು ಸುಳಿಯುತ್ತಿತ್ತು.

ದೀಪಾವಳಿ ಆದ ಮೇಲೆ ಒಂದು ಮಧ್ಯಾಹ್ನ ಪಕ್ಕದ ಹುಡುಗ ‘ಸರ’ ಎಂಬ ಪದಕ್ಕೆ ‘ರಸ’ ಜೋಡಿಸಿದ. ಅವಳು ಕಾರ್ಡನ್ನು ಅವನ ಕೈಯಿಂದ ಕಸಿದು, ‘ಹಂಗಲ್ಲ, ಇದು ಮೊದಲ ಬರತೈತಿ’ ಎಂದಳು. ಅವಳ ಮೊದಲ ಕನ್ನಡ ಮಾತೇ ಪೂರ್ತಿ ವಾಕ್ಯವಾಗಿತ್ತು. ನಾನು ಓಡಿ ಹೋಗಿ ತಬ್ಬಿಕೊಳ್ಳಬೇಕೆಂದಿದ್ದೆ. ಹೋಗಲಿಲ್ಲ. ಅವರಿಬ್ಬರ ಜಗಳ ಮುಂದುವರಿಯಲಿ ಎಂದು ಕೈ ಕಟ್ಟಿ ಕೂತೆ.

ಸುಗ್ಗಿ ಮುಗಿದ ಮೇಲೆ ಅವಳ ಮನೆಯವರು ಗೋವಾಕ್ಕೆ ದುಡಿಯಲು ಹೋದರು, ಅವಳೂ ಹೋದಳು. ಮರಳಿದ್ದು ಜೂನ್‌ನಲ್ಲಿ. ನಲಿಕಲಿಯ ಏಣಿಯ ದೊಡ್ಡ ಗುಣ ಇಲ್ಲಿದೆ: ಮಗು ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಹತ್ತಬಹುದು, ಉಳಿದವರು ಎಲ್ಲಿದ್ದಾರೆಂಬುದು ಅಡ್ಡ ಬರುವುದಿಲ್ಲ. ಅವಳು ನೇರವಾಗಿ ಹೋಗಿ ತನ್ನ ಹಳೆಯ ಕಾರ್ಡನ್ನೇ ತೆಗೆದುಕೊಂಡು ಕೂತಳು.

ಹೀಗೆಲ್ಲ ಹೇಳಿದರೆ ಕೆಲವರು ‘ಮಕ್ಕಳನ್ನು ಅವರ ಪಾಡಿಗೆ ಬಿಟ್ಟರಾಯಿತು’ ಎಂದು ತಿಳಿಯುತ್ತಾರೆ. ಹಾಗಲ್ಲ. ಹಿಂದಿನ ಸಂಜೆ ಅರ್ಧ ಗಂಟೆ ಕೂತು ನಾಳೆ ಯಾರಿಗೆ ಏನು ಬೇಕಾದೀತು ಎಂದು ಜೋಡಿಸಿಡದಿದ್ದರೆ ಮರುದಿನ ಕೋಣೆ ಸಂತೆಯಾಗುತ್ತದೆ. 26 ಮಕ್ಕಳಿದ್ದ ವರ್ಷ ಇದೆಲ್ಲ ಚೆನ್ನಾಗಿ ನಡೆಯಿತು. 41 ಇದ್ದ ವರ್ಷ ಎಷ್ಟೋ ಮಕ್ಕಳನ್ನು ನಾನು ನೋಡಲೇ ಇಲ್ಲ. ಯಾವ ಮಗು ಏಣಿಯ ಯಾವ ಹಂತದಲ್ಲಿದೆ ಎಂದು ಗುರುತಿಸುವ ಪ್ರಗತಿ ನೋಟದಲ್ಲಿ ಎಲ್ಲರೂ ಒಂದೇ ಮೈಲಿಗಲ್ಲಿನಲ್ಲಿ ಯಾಕಿಲ್ಲ ಎಂದು ಕೇಳುವ ಅಧಿಕಾರಿಗಳೂ ಬರುತ್ತಾರೆ. ಅವರ ಮುಂದೆ ನನ್ನ ನೋಟ್‌ಬುಕ್ ಇಡುತ್ತೇನೆ.

ಆ ಹುಡುಗಿ ಈಗ ಮೂರನೇ ತರಗತಿ. ಸಹಪಾಠಿಗಳ ಬೆಂಬಲದ ಗುಂಪಿನಲ್ಲಿ ಅವಳ ಪಕ್ಕ ತಾಂಡಾದ ಹೊಸ ಹುಡುಗನೊಬ್ಬ ಕೂರುತ್ತಾನೆ, ಅವನೂ ಮಾತಾಡುವುದಿಲ್ಲ. ಮೊನ್ನೆ ಅವನು ಒಂದು ಕಾರ್ಡನ್ನು ಬಹಳ ಹೊತ್ತು ಹಿಡಿದು ಕೂತಿದ್ದ. ನನಗೆ ತಡೆಯಲಾಗದೆ ಬಗ್ಗಿ ಕೈ ಚಾಚಿದೆ. ಅವಳು ನನ್ನ ಕೈ ಹಿಡಿದು, ದನಿ ತಗ್ಗಿಸಿ ಹೇಳಿದಳು: ‘ಸುಮ್ನ ಇರ್ರಿ ಅಕ್ಕೋರ. ಅಂವ ನೋಡಾಕತ್ತಾನ.’