ಬೋರ್ಡ್ ಮಾಡಿಸುವ ಮುಂಚೆ ಅನುಮತಿ ಹೀಗೆ ಪಡೆಯಿರಿ

ನಾನು ಅಂಗಡಿಗಳ ಹೆಸರಿನ ಬೋರ್ಡ್ ಮಾಡುವವನು. ಗಿರಾಕಿಗಳು ಬಂದ ಕೂಡಲೇ ಬಣ್ಣ, ಲೈಟು ಅಂತ ಶುರು ಮಾಡುತ್ತಾರೆ. ನಾನು ಮೊದಲು ಕೇಳುವುದು, ನಿಮ್ಮ ಜಾಗ ಯಾವ ವಲಯದಲ್ಲಿದೆ? ವಾಣಿಜ್ಯ ವಲಯದಲ್ಲಿ ನಡೆಯುವ ಬೋರ್ಡ್ ವಸತಿ ವಲಯದಲ್ಲಿ ನಡೆಯದೇ ಇರಬಹುದು. ಸ್ಥಳೀಯ ಆಡಳಿತದ ಕಚೇರಿಯಲ್ಲಿ ವಲಯ ನಕ್ಷೆ ನೋಡಿ, ಬೋರ್ಡಿನ ನಿಯಮವನ್ನೂ ಅಲ್ಲೇ ಕೇಳಿಕೊಳ್ಳಿ.

ತಕರಾರು ಜಾಸ್ತಿ ಬರುವುದು ಅಳತೆಯಲ್ಲಿ. ಗೋಡೆಗೆ ಬಿಡಿ ಅಕ್ಷರ ಕೂರಿಸಿದರೆ ಅಕ್ಷರಗಳಷ್ಟೇ ಲೆಕ್ಕಕ್ಕೆ ಬರುತ್ತವೆ ಅಂದುಕೊಳ್ಳಬೇಡಿ. ಎಷ್ಟೋ ಕಡೆ ಎಲ್ಲ ಅಕ್ಷರಗಳ ಸುತ್ತ ಒಂದು ಚೌಕಟ್ಟು ಎಳೆದು, ಅದರ ಅಗಲ, ಎತ್ತರ ಗುಣಿಸುತ್ತಾರೆ. 4 ಮೀಟರ್ ಅಗಲ, 60 ಸೆಂ.ಮೀ. ಎತ್ತರ ಅಂದರೆ 2.4 ಚದರ ಮೀಟರ್. ಅದರಲ್ಲಿ ಒಂದೇ ಒಂದು ಒತ್ತಕ್ಷರ 15 ಸೆಂ.ಮೀ. ಕೆಳಗಿಳಿದರೂ ಪೂರ್ತಿ 3 ಚದರ ಮೀಟರ್ ಆಗಿಬಿಡುತ್ತದೆ! ಎರಡು ಬದಿಯ ಬೋರ್ಡಾದರೆ ಒಂದು ಮುಖ ಲೆಕ್ಕವೋ ಎರಡೋ, ಕೇಳಿಬಿಡಿ.

ಅರ್ಜಿಯ ಜೊತೆ ಕಟ್ಟಡದ ಮುಂಭಾಗದ ಫೋಟೋ ಮತ್ತು ಅಳತೆ ಬರೆದ ನಕ್ಷೆ ಇಡಿ. ನೆಲದಿಂದ ಎಷ್ಟು ಎತ್ತರ, ಕಾಲುದಾರಿಯ ಮೇಲೆ ಎಷ್ಟು ಚಾಚುತ್ತದೆ, ಗೋಡೆಗೆ ಹೇಗೆ ಬಿಗಿಯುತ್ತೀರಿ, ಎಲ್ಲ ಅದರಲ್ಲಿ ಕಾಣಬೇಕು. ಬಾಡಿಗೆ ಜಾಗವಾದರೆ ಮಾಲೀಕರ ಒಪ್ಪಿಗೆ ಪತ್ರವೂ ಬೇಕಾಗುತ್ತದೆ. ಲೈಟಿಗೆ ಬೇರೆ ಅನುಮತಿ ಇರಬಹುದು. ಮಿನುಗುವ ಲೈಟನ್ನು ಬಹಳ ಕಡೆ ಒಪ್ಪುವುದಿಲ್ಲ. ನನಗಂತೂ ಅದು ಕಣ್ಣಿಗೆ ಹಿಂಸೆ.

ಅರ್ಜಿ ವಾಪಸ್ ಬಂದರೆ ಸುಮ್ನೆ ಜಗಳ ಬೇಡ. ಯಾವ ನಿಯಮಕ್ಕೆ ಅಡ್ಡ ಬಂತು ಅಂತ ಬರಹದಲ್ಲಿ ಕೇಳಿ. ಅಳತೆ ಇಳಿಸಿದರೆ ಮುಗಿಯಬಹುದು, ಇಲ್ಲದಿದ್ದರೆ ವಿನಾಯಿತಿಗೆ ಅರ್ಜಿ ಹಾಕಿ. ನಮ್ಮಂಥವರಿಗೆ ಮುಂಗಡ ಕೊಡುವುದು ಅನುಮತಿ ಪತ್ರ ಕೈಗೆ ಬಂದ ಮೇಲೆ.