ಕಣ್ಣಿಗೆ ಬಟ್ಟೆ ಕಟ್ಟಿಕೊಳ್ಳಬೇಡಿ: ವಿನ್ಯಾಸ ಪ್ರಶಸ್ತಿಗೆ ತಯಾರಿ ಹೀಗಿರಲಿ

ಮುಂಬೈ, ಪುಣೆಗಳ ವಿನ್ಯಾಸ ಮತ್ತು ವಾಸ್ತುಶಿಲ್ಪ ಕಾಲೇಜುಗಳಲ್ಲಿ ಓದುವ ನಮ್ಮ ಕನ್ನಡ ಮನೆಗಳ ಮಕ್ಕಳಲ್ಲಿ ಕೆಲವರು, ಅಂಗವಿಕಲರಿಗೂ ಅನುಕೂಲವಾಗುವ ವಿನ್ಯಾಸಗಳ ಸ್ಪರ್ಧೆಗೆ ಕಳಿಸುವ ಮೊದಲು ತಮ್ಮ ಕೆಲಸವನ್ನು ನನಗೆ ತೋರಿಸುತ್ತಾರೆ. ಚಿತ್ರಗಳೇನೋ ಕಣ್ಣಿಗೆ ಹಬ್ಬ. ಆದರೆ ಯಾರಿಗಾಗಿ ಮಾಡಿದ್ದೇವೆ ಎನ್ನುತ್ತಾರೋ ಅವರು ಆ ವಸ್ತುವನ್ನು ಒಮ್ಮೆಯೂ ಮುಟ್ಟಿರುವುದಿಲ್ಲ. ಪ್ರಶಸ್ತಿ ಕೈತಪ್ಪುವುದು ಅಲ್ಲಿಯೇ.

ಮೊದಲು ಸ್ಪರ್ಧೆಯ ಪ್ರಕಟಣೆಯನ್ನು ಪೂರ್ತಿ ಓದಿ. ಯಾರು ಅರ್ಹರು, ತಂಡದಲ್ಲಿ ಎಷ್ಟು ಜನ, ವಿನ್ಯಾಸದ ಹಕ್ಕು ಯಾರದು ಎಂಬುದನ್ನು ತಿಳಿದುಕೊಳ್ಳಿ.

ಆಮೇಲೆ ಸಮಸ್ಯೆಯ ಆಯ್ಕೆ. ದೃಷ್ಟಿಹೀನರಿಗಾಗಿ, ಅಡ್ಡ ಬಂದದ್ದನ್ನು ಶಬ್ದತರಂಗದಿಂದ ಗುರುತಿಸುವ ಕೋಲನ್ನು ದಯವಿಟ್ಟು ಕೈಬಿಡಿ. ದೆಹಲಿ ಐಐಟಿಯ ‘ಸ್ಮಾರ್ಟ್‌ಕೇನ್’ 2014ರಲ್ಲೇ ಬಿಡುಗಡೆಯಾಗಿದೆ. ಅದಕ್ಕಿಂತ ನಿಮ್ಮದು ಯಾವುದರಲ್ಲಿ ಮೇಲು ಎಂದು ತೀರ್ಪುಗಾರರು ಕೇಳಿಯೇ ಕೇಳುತ್ತಾರೆ. ಸಣ್ಣದನ್ನು ಹಿಡಿಯಿರಿ. ಲೋಕಲ್ ರೈಲಿನ ಅಂಗವಿಕಲರ ಡಬ್ಬಿ ನಿಲ್ಲುವ ಜಾಗವನ್ನು ತಿಳಿಸಲು ಮುಂಬೈಯ ಪ್ಲಾಟ್‌ಫಾರ್ಮುಗಳಲ್ಲಿ ಬೀಪ್ ಸದ್ದಿನ ಏರ್ಪಾಡಿದೆ. ಸಂಜೆಯ ಗದ್ದಲದಲ್ಲಿ ಅದು ಕೇಳಿಸುತ್ತದೆಯೇ, ಬಾಗಿಲಿನವರೆಗೆ ಮುಟ್ಟಿಸುತ್ತದೆಯೇ ಎಂಬುದೇ ಒಂದು ಯೋಜನೆಗೆ ಸಾಕಾಗುವಷ್ಟು ವಿಷಯ. ಕಟ್ಟಡ ಆರಿಸಿಕೊಂಡವರು ಲೆಕ್ಕ ತಪ್ಪಬಾರದು. ಗಾಲಿಕುರ್ಚಿಯ ಇಳಿಜಾರಿಗೆ ಒಂದಕ್ಕೆ ಹನ್ನೆರಡರ ಅನುಪಾತ ಬೇಕು. ಮಳೆನೀರು ನುಗ್ಗದಿರಲೆಂದು 45 ಸೆಂಟಿಮೀಟರ್ ಎತ್ತರಿಸಿದ ಪ್ರವೇಶಕ್ಕೆ 5.4 ಮೀಟರ್ ಉದ್ದದ ಇಳಿಜಾರು, ಅದರ ಎರಡೂ ತುದಿಯಲ್ಲಿ ಕುರ್ಚಿ ತಿರುಗಲು ಸಮತಟ್ಟಾದ ಜಾಗ. ಮೆಟ್ಟಿಲಿನ ಪಕ್ಕದಲ್ಲಿ ಒಂದೂವರೆ ಮೀಟರಿನ ಹಲಗೆಯ ಚಿತ್ರ ಬರೆದು ‘ರ‍್ಯಾಂಪ್’ ಎಂದು ಹೆಸರಿಟ್ಟರೆ ಅದು ಜಾರುಬಂಡಿ.

ಈಗ ಎಲ್ಲರೂ ಎಡವುವ ಹಂತ: ಬಳಸುವವರೊಂದಿಗೆ ಪರೀಕ್ಷೆ. ಬಹಳ ತಂಡಗಳು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕಾಲೇಜಿನ ವರಾಂಡದಲ್ಲಿ ನಡೆದು, ಫೋಟೊ ತೆಗೆದು, ಇದೇ ಅಧ್ಯಯನ ಎನ್ನುತ್ತವೆ. ಅದರಿಂದ ತಿಳಿಯುವುದು ಕಣ್ಣಿದ್ದವರ ಗಾಬರಿ ಮಾತ್ರ. ವರ್ಷಗಟ್ಟಲೆ ಬಿಳಿಕೋಲು ಹಿಡಿದು ದಾದರ್ ಸೇತುವೆ ಹತ್ತಿಳಿಯುವವರ ಜಾಣ್ಮೆ ಅದರಲ್ಲಿ ಎಳ್ಳಷ್ಟೂ ಇರುವುದಿಲ್ಲ.

ವರ್ಲಿಯಲ್ಲಿ ನ್ಯಾಷನಲ್ ಅಸೋಸಿಯೇಷನ್ ಫಾರ್ ದಿ ಬ್ಲೈಂಡ್ ಇದೆ, ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ದೃಷ್ಟಿ ಸವಾಲುಳ್ಳವರ ಸಂಪನ್ಮೂಲ ಕೇಂದ್ರವಿದೆ, ಬಾಂದ್ರಾದಲ್ಲಿ ವಾಕ್ ಮತ್ತು ಶ್ರವಣಕ್ಕೆ ಸಂಬಂಧಿಸಿದ ಅಲಿ ಯಾವರ್ ಜಂಗ್ ಸಂಸ್ಥೆಯಿದೆ. ಏಕಾಏಕಿ ಹೋಗಿ ಬಾಗಿಲು ತಟ್ಟದೆ, ಎಷ್ಟು ಜನ ಬೇಕು, ಎಷ್ಟು ಹೊತ್ತು, ಏನು ಮಾಡಬೇಕು ಎಂದು ಮೊದಲೇ ಪತ್ರ ಬರೆಯಿರಿ. ಬರುವವರಿಗೆ ಪ್ರಯಾಣದ ಖರ್ಚು, ಅವರ ಸಮಯಕ್ಕೊಂದು ಗೌರವಧನ ಕೊಡಿ. ‘ಸಮಾಜಸೇವೆ ತಾನೆ’ ಎಂದು ಪುಕ್ಕಟೆ ಕೆಲಸ ಮಾಡಿಸಿಕೊಳ್ಳುವುದು ನನಗೆ ಸರಿಕಾಣುವುದಿಲ್ಲ.

ಕೊಂಡೊಯ್ಯುವ ಮಾದರಿ ರಟ್ಟಿನದ್ದೇ ಇರಲಿ. ತ್ರಿಡಿ ಮುದ್ರಣದ ಹೊಳೆಯುವ ವಸ್ತು ಕಂಡರೆ ಜನ ತಪ್ಪು ಹೇಳಲು ಹಿಂಜರಿಯುತ್ತಾರೆ. ರಟ್ಟನ್ನು ಅಲ್ಲೇ ಕತ್ತರಿಸಿ ತಿದ್ದಬಹುದು. ನಿಲ್ದಾಣದ ಸ್ಪರ್ಶ ನಕ್ಷೆ ಎಂದಿಟ್ಟುಕೊಳ್ಳಿ. ಮೇಜಿನ ಮೇಲಿಟ್ಟು, ‘ಟಿಕೆಟ್ ಕಿಟಕಿ ಎಲ್ಲಿದೆ, ಹುಡುಕಿ’ ಎಂದಷ್ಟೇ ಹೇಳಿ ಸುಮ್ಮನಾಗಿ. ಹೆಚ್ಚಿನವರು ಮೊದಲು ಎರಡೂ ಅಂಗೈಗಳನ್ನು ಹಾಯಿಸಿ ನಕ್ಷೆಯ ಅಂಚು ಎಲ್ಲಿ ಮುಗಿಯುತ್ತದೆ ಎಂದು ನೋಡಿಕೊಳ್ಳುತ್ತಾರೆ, ಅನಂತರವೇ ಬೆರಳ ತುದಿಗಳು ಕೆಲಸಕ್ಕಿಳಿಯುತ್ತವೆ. ನಮ್ಮ ಹುಡುಗರಿಗೆ ಅಷ್ಟು ತಾಳ್ಮೆ ಇರುವುದಿಲ್ಲ, ಮಣಿಕಟ್ಟು ಹಿಡಿದೆಳೆದು ‘ಇಲ್ಲಿದೆ ನೋಡಿ ಸರ್’ ಎಂದುಬಿಡುತ್ತಾರೆ. ಪರೀಕ್ಷೆ ಅಲ್ಲಿಗೆ ಕೆಟ್ಟಿತು. ಬೆರಳು ಎಲ್ಲಿ ತಡೆದು ನಿಂತಿತು, ಎಲ್ಲಿಂದ ಹಿಂದಿರುಗಿತು ಎಂಬುದನ್ನು ನಿಮ್ಮ ಪ್ರತಿಯಲ್ಲಿ ಪೆನ್ಸಿಲಿನಿಂದ ಗುರುತಿಸಿ. ಆ ಗುರುತುಗಳೇ ಮುಂದೆ ನಿಮ್ಮ ಪುರಾವೆ. ಕಿವುಡರೊಂದಿಗಿನ ಪರೀಕ್ಷೆಯಲ್ಲಿ ಮುಖ ಅವರ ಕಡೆಗಿರಲಿ, ಸಂಜ್ಞಾಭಾಷೆಯ ದುಭಾಷಿಯ ಕಡೆಗಲ್ಲ.

ಮನೆಯಲ್ಲಿರುವ ಅಜ್ಜಿಯಿಂದ ಶುರುಮಾಡಬಹುದು, ಆದರೆ ಅಜ್ಜಿ ‘ಚೆನ್ನಾಗಿದೆ ಮಗು’ ಎಂದದ್ದನ್ನು ಫಲಿತಾಂಶವೆಂದು ಬರೆಯಬೇಡಿ. ನೀವು ಮಾಡಿದ್ದು ಅಡುಗೆಮನೆಯ ಡಬ್ಬಿಯಾದರೆ, ಅದರ ಮುಚ್ಚಳ ಅವರಿಂದ ತೆಗೆಯಲಾಯಿತೇ, ಇಲ್ಲವೇ ಎಂಬುದನ್ನು ಬರೆಯಿರಿ.

ಬ್ರೈಲ್ ಬಗ್ಗೆ ಒಂದು ಮಾತು. ಚುಕ್ಕಿಗಳ ನಡುವಿನ ಅಂತರ ಸುಮಾರು ಎರಡೂವರೆ ಮಿಲಿಮೀಟರ್; ಇಡೀ ಅಕ್ಷರ ಒಂದು ಬೆರಳ ತುದಿಯಡಿ ಹಿಡಿಯಬೇಕು. ಅಂದ ಕಾಣಲೆಂದು ಅದನ್ನು ನಾಲ್ಕು ಪಟ್ಟು ಹಿಗ್ಗಿಸಿದರೆ ಓದಲಾಗುವುದಿಲ್ಲ. ಬರಿಯ ಶಾಯಿಯಲ್ಲಿ ಬ್ರೈಲ್ ಮುದ್ರಿಸಿದ ಫಲಕಗಳನ್ನೂ ಕಂಡಿದ್ದೇನೆ! ಆನ್‌ಲೈನಿನಲ್ಲಿ ಸಿಗುವ ಅಗ್ಗದ ಬ್ರೈಲ್ ಸ್ಟಿಕ್ಕರುಗಳನ್ನು ನಾನಂತೂ ಕೊಳ್ಳುವುದಿಲ್ಲ. ಮುಂಬೈಯ ಮಳೆಗಾಲದ ತೇವಕ್ಕೆ ಅಂಟು ಬಿಡುತ್ತದೆ. ಭಾರತೀಯ ಭಾಷೆಗಳಿಗೆಲ್ಲ ಬಳಸುವ ಭಾರತಿ ಬ್ರೈಲಿನಲ್ಲಿ ಕನ್ನಡದ ‘ಕ’ಕ್ಕೂ ಮರಾಠಿಯ ‘ಕ’ಕ್ಕೂ ಒಂದೇ ಚುಕ್ಕಿಗಳು, ಆದ್ದರಿಂದ ಮರಾಠಿ ಫಲಕವನ್ನು ಪರೀಕ್ಷಿಸಲು ಬ್ರೈಲ್ ಬಲ್ಲ ಕನ್ನಡಿಗರ ಬೆರಳಾದರೂ ಅಕ್ಷರ ಹಿಡಿಯುತ್ತದೆ.

ಇನ್ನು ಬರವಣಿಗೆ. ‘ಪಾಪ’, ‘ಬಳಲುತ್ತಿರುವ’ ಎಂಬ ಮಾತುಗಳನ್ನು ತೆಗೆದುಹಾಕಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿಮಾಡಿದೆ. ನಿಮ್ಮ ವಿನ್ಯಾಸ ಯಾರಿಗೆ ಎಂದು ನಿಖರವಾಗಿ ಹೆಸರಿಸಿ. ಫೋಟೊ ಹಾಕಲು ಒಪ್ಪಿಗೆ ಪಡೆಯಿರಿ. ತಿಳಿಬೂದು ಬಣ್ಣದ ಅಕ್ಷರ ಬೇಡ; ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5ಕ್ಕೆ 1ರ ವ್ಯತ್ಯಾಸವಿರಲಿ. ವಿಡಿಯೊಗೆ ಅಡಿಬರಹ ಕಡ್ಡಾಯ. ಪಿಡಿಎಫ್ ಬರಿಯ ಚಿತ್ರವಾಗಿದ್ದರೆ ಪರದೆ ಓದುವ ತಂತ್ರಾಂಶ ಮೂಕವಾಗುತ್ತದೆ. ತೀರ್ಪುಗಾರರಲ್ಲೇ ದೃಷ್ಟಿಹೀನರೊಬ್ಬರಿದ್ದರೆ ಏನು ಮಾಡುತ್ತೀರಿ? ಎನ್‌ವಿಡಿಎ ಎಂಬ ಪರದೆ ಓದುವ ತಂತ್ರಾಂಶ ಉಚಿತ, ಹಾಕಿಕೊಂಡು ನಿಮ್ಮ ಕಡತವನ್ನು ಕಣ್ಣುಮುಚ್ಚಿ ಕೇಳಿ. ಕಣ್ಣು ಮುಚ್ಚಲು ನಾನು ಅನುಮತಿ ಕೊಡುವುದು ಇದೊಂದಕ್ಕೆ.

ಪರೀಕ್ಷೆಯಲ್ಲಿ ಸೋತ ಮಾದರಿಗೂ ಅರ್ಧ ಪುಟ ಮೀಸಲಿಟ್ಟು, ಯಾರ ಮಾತಿನಿಂದ ಏನು ಬದಲಾಯಿತೆಂದು ಬರೆಯಿರಿ. ಕೊನೆಯ ದಿನಕ್ಕೆ ಕಾಯದೆ ಹಿಂದಿನ ದಿನವೇ ಸಲ್ಲಿಸಿ, ಸ್ವೀಕೃತಿಯ ಮಿಂಚಂಚೆ ಬಂತೇ ನೋಡಿಕೊಳ್ಳಿ.